ಕೂಗದ ಹುಂಜ

ವೈದ್ಯನಿಗೆ ದೊರೆಯುವ ಅತ್ಯಂತ ದೊಡ್ಡ ಸಹಾಯವೆಂದರೆ ರೋಗಿಯ ನಾಲಗೆ. ನೋವು ಎಲ್ಲಿ, ಎಂದಿನಿಂದ, ಊಟಕ್ಕೆ ಮುಂಚೆಯೋ ಅನಂತರವೋ ಎಂದು ಕೇಳಿದರೆ ಮನುಷ್ಯನಾದವನು ಒಂದಕ್ಕೆ ಹತ್ತು ಸೇರಿಸಿ ಹೇಳುತ್ತಾನೆ. ಹೇಳಿದ್ದರಲ್ಲಿ ಅತಿಶಯೋಕ್ತಿಯನ್ನು ಕಳೆದುಬಿಟ್ಟರೆ ರೋಗದ ಅರ್ಧ ಗುರುತು ಸಿಕ್ಕಂತೆಯೇ. ಪಶುವೈದ್ಯನಿಗೆ ಈ ಭಾಗ್ಯವಿಲ್ಲ. ಆದರೂ ಹಸುವೋ ನಾಯಿಯೋ ಆದರೆ ನರಳುತ್ತದೆ. ನೋಯುವ ಕಾಲನ್ನು ಎತ್ತಿ ಹಿಡಿಯುತ್ತದೆ. ಯಜಮಾನನ ಮುಖವನ್ನು ದೈನ್ಯದಿಂದ ನೋಡುತ್ತದೆ. ಕೋಳಿ ಅಷ್ಟನ್ನೂ ಮಾಡುವುದಿಲ್ಲ. ಅದು ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ಹದ್ದು, ಕಾಡುಬೆಕ್ಕು, ನರಿಗಳ ಕಣ್ಣೆದುರಿಗೆ ಬಾಳಿಬಂದ ಕುಲ ಅದು. ಗುಂಪಿನಲ್ಲಿ ಸೊರಗಿದವರು ಯಾರೆಂದು ಹಗೆಗಳು ಹೊಂಚುತ್ತಿರುತ್ತವೆ. ಸ್ವಂತ ಬಳಗದವರೂ ಸೋತ ಹಕ್ಕಿಯನ್ನು ಕುಕ್ಕದೆ ಬಿಡುವುದಿಲ್ಲ. ಆದ್ದರಿಂದ ಕೈಲಾಗುವವರೆಗೆ ತಾನು ಗಟ್ಟಿಯಾಗಿದ್ದೇನೆಂದು ತೋರಿಸಿಕೊಳ್ಳುವುದೇ ಅದರ ನೀತಿ. ಕೋಳಿಯ ಕಾಯಿಲೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಬಹು ದೂರ ನಡೆದುಬಿಟ್ಟಿರುತ್ತದೆ.

ಕೋಳಿಗೂ ಚಿಕಿತ್ಸೆಯೇ ಎಂದು ನಗುವವರು ಬಹಳ ಮಂದಿ. ಹಸುವಿಗೆ ಜ್ವರ ಬಂದರೆ ಇಡೀ ಮನೆ ಊಟ ಬಿಟ್ಟು ಓಡಾಡುತ್ತದೆ. ಕೋಳಿ ತೂಕಡಿಸಿದರೆ ಅಡುಗೆಮನೆಯ ಒರಳುಕಲ್ಲು ನೆನಪಾಗುತ್ತದೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆಯೇ ನಮ್ಮಲ್ಲಿ ಹುಟ್ಟಿಕೊಂಡಿದೆ. ಔಷಧದ ಬೆಲೆ ಕೋಳಿಯ ಬೆಲೆಗಿಂತ ಹೆಚ್ಚಾಯಿತಲ್ಲ ಎಂದು ಲೆಕ್ಕ ಹಾಕುವವರ ಮಾತಿನಲ್ಲಿ ತರ್ಕವೇನೂ ಇಲ್ಲದಿಲ್ಲ. ಆದರೆ ಲೆಕ್ಕವನ್ನು ಯಾರ ಮನೆಯ ಜಗಲಿಯ ಮೇಲೆ ಕುಳಿತು ಹಾಕುತ್ತೇವೆ ಎಂಬುದರ ಮೇಲೆ ಮೊತ್ತ ಬದಲಾಗುತ್ತದೆ. ಇದು ನನಗೆ ತಿಳಿದದ್ದು ಹಾಸನ ಜಿಲ್ಲೆಯ ಒಂದು ಸಣ್ಣ ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದಾಗ.

ನಾನು ಬಾಡಿಗೆಗಿದ್ದ ಮನೆಗೆ ಅಂಟಿಕೊಂಡಂತೆ ಒಬ್ಬ ಅಜ್ಜಿಯ ಮನೆಯಿತ್ತು. ಮನೆಯಲ್ಲಿದ್ದವರು ಇಬ್ಬರೇ: ಅಜ್ಜಿ, ಮತ್ತು ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಆಕೆಯ ಮೊಮ್ಮಗಳು. ಹಿತ್ತಲಿನಲ್ಲಿ ಹದಿನಾಲ್ಕು ಹೇಂಟೆಗಳು, ಲೆಕ್ಕಕ್ಕೆ ಸಿಗದಷ್ಟು ಮರಿಗಳು, ಅವೆಲ್ಲಕ್ಕೂ ಒಡೆಯನಾಗಿ ಒಂದು ಹುಂಜ. ಅದರ ಹೆಸರು ಕೆಂಚ. ಬೆನ್ನಿನ ಮೇಲೆ ಕಾದ ತಾಮ್ರದ ಬಣ್ಣ. ಬಾಲದಲ್ಲಿ ಕಪ್ಪೋ ಹಸಿರೋ ಎಂದು ಹೇಳಲಾಗದ ಹೊಳಪು. ನೆತ್ತಿಯ ಮೇಲೆ ದಾಸವಾಳದಂತಹ ಜುಟ್ಟು. ತಿಪ್ಪೆಯನ್ನು ಕೆದಕಿ ಹುಳುವೊಂದು ಸಿಕ್ಕಿದರೆ ತಾನು ತಿನ್ನದೆ ಕೊಕ್‌ಕೊಕ್ ಎಂದು ಹೇಂಟೆಗಳನ್ನು ಕರೆಯುತ್ತಿತ್ತು. ಹದ್ದಿನ ನೆರಳು ನೆಲದ ಮೇಲೆ ಹಾದರೆ ಅದರ ಗಂಟಲಿನಿಂದ ಬೇರೆಯೇ ಒಂದು ದನಿ ಹೊರಡುತ್ತಿತ್ತು. ಆ ಕ್ಷಣವೇ ಮರಿಗಳೆಲ್ಲ ಬೇಲಿಯ ಬುಡ ಸೇರುತ್ತಿದ್ದವು. ಮೊಟ್ಟೆ ಮತ್ತು ಮರಿಗಳನ್ನು ಮಾರಿ ಬಂದ ಹಣದಿಂದ ಆ ಮನೆಗೆ ಉಪ್ಪು, ಎಣ್ಣೆ, ಸೋಪು ಬರುತ್ತಿದ್ದವು. ಹುಡುಗಿಯ ಪುಸ್ತಕ, ಲೇಖನಿಗಳು ಬರುತ್ತಿದ್ದವು. ಅಜ್ಜಿಗೆ ಹೊಲವಿರಲಿಲ್ಲ, ಹಿತ್ತಲೇ ಹೊಲ.

ಕೆಂಚನ ಕೂಗು ನಮ್ಮ ಬೀದಿಗೆಲ್ಲ ಗಡಿಯಾರವಾಗಿತ್ತು. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿ, ಕೋಳಿಯನ್ನು ಕಂಕುಳಲ್ಲಿ ಇರಿಸಿಕೊಂಡು ಊರು ಬಿಟ್ಟುಹೋದ ಅಜ್ಜಿಯ ಕಥೆಯನ್ನು ನೀವೆಲ್ಲ ಕೇಳಿರುತ್ತೀರಿ. ಕೋಳಿ ಕೂಗುವುದರಿಂದ ಬೆಳಗಾಗುವುದಿಲ್ಲ, ನಿಜ. ಆದರೆ ಬೆಳಕನ್ನು ನೋಡಿಯೇ ಕೋಳಿ ಕೂಗುತ್ತದೆ ಎನ್ನುವುದೂ ಪೂರ್ಣ ಸತ್ಯವಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಂಜಗಳನ್ನು ಹಗಲಿರುಳೂ ಮಂದ ಬೆಳಕಿನಲ್ಲಿ ಇರಿಸಿದ್ದರು. ಸೂರ್ಯನೆಂಬುದೇ ಕಾಣದಿದ್ದರೂ ಅವು ದಿನಕ್ಕೊಮ್ಮೆ, ತಮ್ಮ ಬೆಳಗಿನ ಹೊತ್ತಿಗೆ, ಕೂಗುತ್ತಲೇ ಇದ್ದವು. ಹುಂಜದ ದೇಹದೊಳಗೆಯೇ ಒಂದು ಗಡಿಯಾರವಿದೆಯೆಂದು ಇದರಿಂದ ತಿಳಿಯಿತು. ಅಂತಹ ಗಡಿಯಾರ ನಿಂತುಹೋದರೆ ಒಳಗಿನ ಯಂತ್ರಕ್ಕೆ ಏನೋ ಆಗಿದೆಯೆಂದೇ ಅರ್ಥ.

ಒಂದು ಬೇಸಗೆಯ ಮೊದಲಲ್ಲಿ ಕೆಂಚನ ಕೂಗು ನಿಂತಿತು. ಮೊದಲ ದಿನ ಯಾರೂ ಗಮನಿಸಲಿಲ್ಲ. ಎರಡನೆಯ ದಿನ ಬೀದಿಯವರು ತಡವಾಗಿ ಎದ್ದರು. ಮೂರನೆಯ ದಿನ ಅಜ್ಜಿ ಬೇಲಿಯ ಬಳಿ ನಿಂತು, "ಮೇಷ್ಟ್ರೇ, ನಮ್ಮ ಕೆಂಚ ಕೂಗಿ ಮೂರು ದಿನವಾಯ್ತು. ಕಾಳು ಹಾಕಿದರೆ ಮೂಸಿಯೂ ನೋಡುವುದಿಲ್ಲ. ನೀವೊಮ್ಮೆ ಬಂದು ನೋಡಿ" ಎಂದಳು. ಹೋಗಿ ನೋಡಿದೆ. ರೆಕ್ಕೆಗಳನ್ನು ಇಳಿಬಿಟ್ಟು, ಗರಿಗಳನ್ನು ಉಬ್ಬಿಸಿಕೊಂಡು, ಕಣ್ಣುಗಳನ್ನು ಅರೆಮುಚ್ಚಿ ಗೋಡೆಯ ನೆರಳಿನಲ್ಲಿ ಕೆಂಚ ನಿಂತಿತ್ತು. ಜುಟ್ಟಿನ ಕೆಂಪು ಮಾಸಿತ್ತು. ಆಗಾಗ ಕತ್ತನ್ನು ಮುಂದಕ್ಕೆ ಚಾಚಿ ಏನನ್ನೋ ನುಂಗುವಂತೆ ಮಾಡುತ್ತಿತ್ತು. ಹಿಕ್ಕೆ ತೆಳ್ಳಗೆ, ಹಸಿರಾಗಿತ್ತು.

ಹಳ್ಳಿಯಲ್ಲಿ ರೋಗಿಗೆ ಕೊರತೆಯಿದ್ದೀತು, ವೈದ್ಯರಿಗೆ ಕೊರತೆಯಿಲ್ಲ. ಅರ್ಧ ಗಂಟೆಯಲ್ಲಿ ಹಿತ್ತಲು ತುಂಬಿತು. ಒಬ್ಬರು ಅರಿಸಿನ, ಬೆಳ್ಳುಳ್ಳಿ ಅರೆದು ನುಂಗಿಸಲು ಹೇಳಿದರು. ಇನ್ನೊಬ್ಬರು ದೃಷ್ಟಿಯಾಗಿದೆ, ನಿವಾಳಿಸಿ ಎಂದರು. ಮತ್ತೊಬ್ಬರು ತಮ್ಮ ಮಗನ ಜ್ವರಕ್ಕೆಂದು ತಂದು ಉಳಿದಿದ್ದ ಮಾತ್ರೆಗಳನ್ನು ತಂದೇಬಿಟ್ಟರು. ಕಾಲು ಹಿಡಿದು ತಲೆಕೆಳಗಾಗಿ ತೂಗಿ ಕತ್ತನ್ನು ಹಿಂಡಿದರೆ ಒಳಗಿನದೆಲ್ಲ ಹೊರಬರುವುದೆಂದು ಇನ್ನೊಬ್ಬರ ವಾದ. ಕೊನೆಗೆ ಎಲ್ಲರಿಗಿಂತ ಹಿರಿಯರೊಬ್ಬರು ಹಿಕ್ಕೆಯನ್ನು ನೋಡಿ, ತಲೆಯಾಡಿಸಿ, "ಇದು ಕೊಕ್ಕರೆ ರೋಗ" ಎಂದುಬಿಟ್ಟರು. ಒಡನೆಯೇ ಹಿತ್ತಲು ಮೌನವಾಯಿತು.

ಆ ಮೌನಕ್ಕೆ ಕಾರಣವಿತ್ತು. ಕೋಳಿ ಸಾಕುವ ಬಡವರಿಗೆ ಕೊಕ್ಕರೆ ರೋಗ ಹಿಂದಿನ ಕಾಲದ ಪ್ಲೇಗಿನಂತಹದು. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಬಳಿಯೂ ಇದನ್ನು ಗುರುತಿಸಿದರು. ಮರುವರ್ಷವೇ ನಮ್ಮ ದೇಶದಲ್ಲಿ ಕುಮಾವೂ ಬೆಟ್ಟಗಳ ರಾಣಿಖೇತದಲ್ಲಿ ಅದು ಕಾಣಿಸಿಕೊಂಡಿತು. ಆದ್ದರಿಂದಲೇ ಹೊರದೇಶಗಳಲ್ಲಿ ನ್ಯೂಕಾಸಲ್ ರೋಗವೆಂದೂ ಇಲ್ಲಿ ರಾಣಿಖೇತ ರೋಗವೆಂದೂ ಹೆಸರಾಗಿದೆ. ಅದು ವೈರಸ್ಸಿನಿಂದ ಬರುವ ರೋಗ. ಹಿಡಿದ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಸಿರಾಗಿ ಭೇದಿ ಮಾಡುತ್ತದೆ. ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ, ಕಾಲು ರೆಕ್ಕೆಗಳ ಸ್ವಾಧೀನ ತಪ್ಪುತ್ತದೆ. ಉಗ್ರವಾಗಿ ಬಂದರೆ, ಲಸಿಕೆಯಿಲ್ಲದ ಹಿತ್ತಲಿನಲ್ಲಿ ಒಂದು ಹಕ್ಕಿಯೂ ಉಳಿಯದಿರಬಹುದು. ಅದಕ್ಕೆ ಔಷಧವಿಲ್ಲ, ಬಾರದಂತೆ ತಡೆಯುವ ಲಸಿಕೆ ಮಾತ್ರ ಉಂಟು. ಅಜ್ಜಿಯ ಕೋಳಿಗಳಿಗೆ ಆ ಲಸಿಕೆ ಬಿದ್ದಿರಲಿಲ್ಲ.

ಸುದ್ದಿ ತಿಳಿದು ಸಂಜೆಗೆ ಕೋಳಿ ವ್ಯಾಪಾರಿಯೊಬ್ಬ ಸೈಕಲ್ಲಿಗೆ ಪಂಜರ ಕಟ್ಟಿಕೊಂಡು ಬಂದ. ಮರುದಿನ ಸಂತೆ. "ಹುಂಜ ಹೇಗೂ ಉಳಿಯುವುದಿಲ್ಲ ಅಜ್ಜೀ. ಹೇಂಟೆಗಳು ಇನ್ನೂ ನೆಟ್ಟಗಿವೆ. ಅರ್ಧ ಬೆಲೆಗೆ ಕೊಡು, ಈಗಲೇ ಎಲ್ಲವನ್ನೂ ಕೊಂಡೊಯ್ಯುತ್ತೇನೆ. ನಾಳಿದ್ದು ಸತ್ತರೆ ನಿನಗೆ ಏನೂ ಸಿಗುವುದಿಲ್ಲ" ಎಂದ. ಅವನ ಮಾತಿನಲ್ಲಿ ಕರುಣೆಯ ದನಿಯೂ ಇತ್ತು. ಅಜ್ಜಿ ಗೂಡಿನ ಕಡೆಗೂ ನನ್ನ ಕಡೆಗೂ ನೋಡಿದಳು.

ಅದು ಸುಲಭವಾದ ಗಳಿಗೆಯಾಗಿರಲಿಲ್ಲ. ರೋಗ ಕೊಕ್ಕರೆಯದೇ ಆಗಿದ್ದರೆ, ಹೊರಗೆ ಚೆನ್ನಾಗಿ ಕಾಣುವ ಹೇಂಟೆಗಳೊಳಗೆ ಅದು ಆಗಲೇ ಹೊಕ್ಕಿರಬಹುದು. ಸಂತೆಯಲ್ಲಿ ಅವು ಹತ್ತು ಊರುಗಳಿಗೆ ಹಂಚಿಹೋಗುತ್ತವೆ. ಅವುಗಳೊಂದಿಗೆ ರೋಗವೂ ಹಂಚಿಹೋಗುತ್ತದೆ. ಅಜ್ಜಿಯಂತಹ ಹತ್ತು ಅಜ್ಜಿಯರ ಹಿತ್ತಲು ಬರಿದಾಗುತ್ತದೆ. ರೋಗ ಬೇರೆಯದಾಗಿದ್ದರೆ, ಆರೋಗ್ಯವಾದ ಹದಿನಾಲ್ಕು ಕೋಳಿಗಳನ್ನು ಅರ್ಧ ಬೆಲೆಗೆ ಕಳೆದುಕೊಂಡು ಆ ಮನೆ ಬರಿಗೈಯಾಗುತ್ತದೆ. ಮಾರದೆ ಇರಿಸಿಕೊಂಡು, ರೋಗವೂ ಅದೇ ಆಗಿಬಿಟ್ಟರೆ, ಅರ್ಧವೂ ಇಲ್ಲ, ಪೂರ್ಣವೂ ಇಲ್ಲ. ಇಷ್ಟೆಲ್ಲವೂ ಒಂದು ಪ್ರಶ್ನೆಯ ಉತ್ತರದ ಮೇಲೆ ನಿಂತಿತ್ತು: ಕೆಂಚನಿಗೆ ಬಂದಿರುವುದು ಯಾವ ರೋಗ? ಔಷಧಕ್ಕಿಂತ ಮೊದಲು ರೋಗದ ಗುರುತು ಬೇಕು ಎಂಬ ಮಾತಿನ ತೂಕ ಆ ದಿನ ನನಗೆ ಅರಿವಾಯಿತು.

ಆಗ ಮಾತನಾಡಿದವಳು ಆ ಹುಡುಗಿ. "ಅಜ್ಜೀ, ಹೇಂಟೆಗಳೆಲ್ಲ ತಿನ್ನುತ್ತಿವೆ. ಒಂದೂ ಸೀನುತ್ತಿಲ್ಲ. ಕೆಂಚನೊಂದೇ ಹೀಗಾಗಿದೆ. ನಾಳೆ ಡಾಕ್ಟರಿಗೆ ತೋರಿಸಿ ಆಮೇಲೆ ಮಾರುವ ಮಾತಾಡೋಣ" ಎಂದಳು. ನಾನೂ ಹಾಗೆಯೇ ಹೇಳಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ವ್ಯಾಪಾರಿಗೆ, "ನನ್ನ ಮನೆ ಕಷ್ಟ ಇನ್ನೊಬ್ಬರ ಮನೆಗೆ ಹೋಗುವುದು ಬೇಡಪ್ಪ. ನೀನು ಹೋಗು" ಎಂದಳು. ಪುಸ್ತಕ ಓದದ ಆಕೆ ಸಾಂಕ್ರಾಮಿಕ ರೋಗದ ಮೊದಲ ಧರ್ಮವನ್ನು ಒಂದೇ ವಾಕ್ಯದಲ್ಲಿ ಹೇಳಿದ್ದಳು. ಆ ರಾತ್ರಿ ಕೆಂಚನನ್ನು ಗುಂಪಿನಿಂದ ದೂರ, ಕೊಟ್ಟಿಗೆಯ ಮೂಲೆಯಲ್ಲಿ ಮಂಕರಿಯ ಕೆಳಗೆ ಬೇರೆಯಾಗಿ ಇರಿಸಿದೆವು. ಅದರ ನೀರಿನ ಬಟ್ಟಲು ಬೇರೆ. ಅದನ್ನು ಮುಟ್ಟಿದವರು ಸೋಪು ಹಚ್ಚಿ ಕೈ ತೊಳೆಯಬೇಕು. ಮೊದಲು ಹೇಂಟೆಗಳ ಕೆಲಸ ಮುಗಿಸಿ ಕೊನೆಯಲ್ಲಿ ಮಾತ್ರ ಕೆಂಚನ ಬಳಿ ಹೋಗಬೇಕು. ಹೊಳೆಯುವ ಕಾಳಿನ ಮಡಕೆಯನ್ನು ಎದುರಿಗಿಟ್ಟರೂ ಅದು ಕಣ್ಣು ತೆರೆಯಲಿಲ್ಲ.

ಮರುದಿನ ಹೋಬಳಿಯ ಪಶುಚಿಕಿತ್ಸಾಲಯದ ವೈದ್ಯರು ಬೇರೊಂದು ಮನೆಯ ಹಸುವನ್ನು ನೋಡಲು ನಮ್ಮೂರಿಗೆ ಬಂದವರು, ಕರೆದೊಡನೆ ಅಜ್ಜಿಯ ಹಿತ್ತಲಿಗೂ ಬಂದರು. ಅವರು ಕೆಂಚನನ್ನು ಪರೀಕ್ಷಿಸಿದ ರೀತಿಯನ್ನು ನಾನು ಮರೆಯಲಾರೆ. ಮೊದಲು ಅವರು ಹುಂಜವನ್ನು ಮುಟ್ಟಲೇ ಇಲ್ಲ. ಮಂಕರಿಯನ್ನು ಎತ್ತಿಸಿ, ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಐದು ನಿಮಿಷ ಸುಮ್ಮನೆ ನೋಡಿದರು. ಹಿಡಿದ ಮೇಲೆ ಎಲ್ಲ ಹಕ್ಕಿಯೂ ಏದುಸಿರು ಬಿಡುತ್ತದೆ. ಆದ್ದರಿಂದ ಉಸಿರಾಟವನ್ನು ಹಿಡಿಯುವ ಮುನ್ನವೇ ನೋಡಬೇಕಂತೆ. ಕತ್ತು ನೆಟ್ಟಗಿದೆಯೇ, ಕಾಲುಗಳ ಮೇಲೆ ಸಮವಾಗಿ ನಿಲ್ಲುತ್ತದೆಯೇ, ಎರಡು ರೆಕ್ಕೆಗಳೂ ಒಂದೇ ಮಟ್ಟದಲ್ಲಿವೆಯೇ ಎಂದು ನೋಡಿದರು. ಅನಂತರ ಹೇಂಟೆಗಳ ಗುಂಪನ್ನು ಅಷ್ಟೇ ಹೊತ್ತು ನೋಡಿದರು. "ಕೋಳಿಯ ರೋಗದಲ್ಲಿ ರೋಗಿಗಿಂತ ನೆರೆಹೊರೆಯವರೇ ಹೆಚ್ಚು ಹೇಳುತ್ತಾರೆ" ಎಂದು ನಕ್ಕರು.

ಆಮೇಲೆ ಕೆಂಚನನ್ನು ಎತ್ತಿಕೊಂಡು ತೋಳಿನ ಕೆಳಗೆ ಸಡಿಲವಾಗಿ ಹಿಡಿದರು. ಕೋಳಿಗೆ ನಮ್ಮಂತೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯಿಲ್ಲ. ಎದೆಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಭಯದಿಂದ ಬಿಗಿಯಾಗಿ ಅಪ್ಪಿ ಹಿಡಿದರೆ ಅದು ಕೈಯಲ್ಲಿಯೇ ಉಸಿರುಕಟ್ಟಿ ಸಾಯಬಹುದು. ವೈದ್ಯರು ತಲೆಯಿಂದ ಆರಂಭಿಸಿದರು. ಜುಟ್ಟಿನ ಮೇಲೆ ಗುಳ್ಳೆ, ಹಕ್ಕಳೆಗಳಿಲ್ಲ. ಆದ್ದರಿಂದ ಸೊಳ್ಳೆಗಳು ಹರಡುವ ಕೋಳಿ ಸಿಡುಬಲ್ಲ. ಕಣ್ಣಿನಲ್ಲಿ ನೊರೆಯಿಲ್ಲ, ಮೂಗಿನಲ್ಲಿ ಸಿಂಬಳವಿಲ್ಲ, ಮುಖ ಊದಿಲ್ಲ. ಆದ್ದರಿಂದ ನೆಗಡಿ ರೋಗವಲ್ಲ. ಕೊಕ್ಕನ್ನು ಬಿಡಿಸಿ ಬಾಯಿಯೊಳಗೆ ನೋಡಿ ಮೂಸಿದರು. ಹುಳಿಯಾದ ಹಿಟ್ಟಿನ ವಾಸನೆ ಬಂತು. ಗರಿಗಳನ್ನು ಬಿಡಿಸಿ ಹೇನುಗಳಿಗಾಗಿ ಹುಡುಕಿದರು. ಎದೆಮೂಳೆಯ ಇಕ್ಕೆಲಗಳನ್ನು ಬೆರಳಿನಿಂದ ಸವರಿ, "ಮಾಂಸ ಕರಗಿದೆ, ಮೂಳೆ ಕೈಗೆ ಚೂಪಾಗಿ ಹತ್ತುತ್ತದೆ. ಇದು ಮೂರು ದಿನದ ಉಪವಾಸವಲ್ಲ, ಒಂದು ವಾರದ್ದಾದರೂ ಇರಬೇಕು" ಎಂದರು. ಅಂಗಾಲಿನಲ್ಲಿ ಬಾವಿಲ್ಲ. ಜ್ವರಮಾಪಕ 106 ಡಿಗ್ರಿ ತೋರಿಸಿತು. ನಾನು ಗಾಬರಿಯಾದೆ. ಅವರು, "ಮನುಷ್ಯರಿಗೆ ಅದು ಜ್ವರ ಮೇಷ್ಟ್ರೇ, ಕೋಳಿಗೆ ಅದೇ ಆರೋಗ್ಯ" ಎಂದರು.

ಕೊನೆಗೆ ಅವರ ಬೆರಳುಗಳು ಕತ್ತಿನ ಬುಡಕ್ಕೆ, ಎದೆಯ ಬಲಭಾಗಕ್ಕೆ ಬಂದು ಅಲ್ಲಿಯೇ ನಿಂತವು. ಕೋಳಿಗೆ ಹಲ್ಲಿಲ್ಲ. ಅದು ಕುಕ್ಕಿದ ಕಾಳು ಮೊದಲು ಈ ಜಾಗದಲ್ಲಿರುವ ಒಂದು ಚೀಲದಲ್ಲಿ ಸೇರಿ ನೆನೆಯುತ್ತದೆ. ಅಲ್ಲಿಂದ ಸ್ವಲ್ಪಸ್ವಲ್ಪವಾಗಿ ಕೆಳಗಿಳಿದು, ನುಂಗಿದ ಸಣ್ಣ ಕಲ್ಲುಗಳ ಸಹಾಯದಿಂದ ಜಠರದಲ್ಲಿ ಅರೆಯಲ್ಪಡುತ್ತದೆ. ಸಂಜೆ ತುಂಬಿರುವ ಆ ಚೀಲ ಬೆಳಗಾಗುವಷ್ಟರಲ್ಲಿ ಬರಿದಾಗಿರಬೇಕು. ಕೆಂಚನ ಚೀಲ ಬೆಳಗಿನ ಹತ್ತು ಗಂಟೆಗೂ ದೊಡ್ಡ ನಿಂಬೆಹಣ್ಣಿನಷ್ಟು ಗಟ್ಟಿಯಾಗಿತ್ತು.

"ರಾತ್ರಿ ಏನಾದರೂ ತಿಂದಿತ್ತೇನವ್ವಾ?"

"ಒಂದು ಕಾಳೂ ಇಲ್ಲ, ಸ್ವಾಮಿ."

"ಹಾಗಾದರೆ ಇದು ಇಂದಿನದಲ್ಲ, ಹಳೆಯ ಗಂಟು. ಈಚೆಗೆ ಹಿತ್ತಲಿನಲ್ಲಿ ಹೊಸದಾಗಿ ಏನಾದರೂ ಬಂದು ಬಿದ್ದಿತೇ?"

ಅಜ್ಜಿ ಯೋಚಿಸುತ್ತಿರುವಾಗಲೇ ಹುಡುಗಿ ತಿಪ್ಪೆಯ ಕಡೆಗೆ ಓಡಿದಳು. ಹತ್ತು ದಿನಗಳ ಹಿಂದೆ ಹಳೆಯ ಗೋಣಿಚೀಲಗಳನ್ನು ಬಿಚ್ಚಿ, ಲಡ್ಡಾದವನ್ನು ತಿಪ್ಪೆಗೆ ಎಸೆದಿದ್ದರು. ಚೀಲದ ಮೂಲೆಗಳಲ್ಲಿ ಸಿಕ್ಕಿಕೊಂಡಿದ್ದ ರಾಗಿಕಾಳಿಗಾಗಿ ಕೆಂಚ ಅಲ್ಲಿಯೇ ಕೆದಕುತ್ತಿದ್ದುದನ್ನು ಅವಳು ಕಂಡಿದ್ದಳು. ಅವಳ ಕೈಯಲ್ಲಿದ್ದ ಗೋಣಿಯ ಎಳೆಗಳನ್ನು ನೋಡಿ ವೈದ್ಯರು ತಲೆದೂಗಿದರು. ಉದ್ದವಾದ ನಾರು ಚೀಲದೊಳಗೆ ಸುತ್ತಿಕೊಂಡು ದಾರಿ ಕಟ್ಟಿತ್ತು. ಹೊಟ್ಟೆಗೆ ಏನೂ ಇಳಿಯದೆ ಉಪವಾಸ ಬಿದ್ದ ಕೋಳಿಯ ಹಿಕ್ಕೆ ಪಿತ್ತದಿಂದ ಹಸಿರಾಗುತ್ತದೆ. ಹಿರಿಯರು ಕಂಡ ಹಸಿರು ನಿಜವೇ. ಆದರೆ ಒಂದೇ ಲಕ್ಷಣಕ್ಕೆ ಎರಡು ಕಾರಣಗಳಿರಬಹುದು. ಅದನ್ನು ಉಳಿದ ಲಕ್ಷಣಗಳ ಜತೆಗೆ ಇಟ್ಟು ತೂಗಬೇಕು. ಆದರೂ ವೈದ್ಯರು ಎಚ್ಚರ ಬಿಡಲಿಲ್ಲ. ಕೊಕ್ಕರೆ ರೋಗ ಸೋಂಕಿದ ಬಳಿಕ ಎರಡರಿಂದ ಹದಿನೈದು ದಿನಗಳವರೆಗೆ ಹೊರಗೆ ಕಾಣದೆ ಇರಬಹುದು. ಆದ್ದರಿಂದ ಎರಡು ವಾರ ಒಂದು ಕೋಳಿಯನ್ನೂ ಮಾರಕೂಡದು, ಹೊರಗಿನಿಂದ ತರಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು.

ಮೊದಲಿಗೆ ಸೌಮ್ಯವಾದ ಚಿಕಿತ್ಸೆ. ಉಗುರುಬೆಚ್ಚಗಿನ ನೀರನ್ನೂ ಒಂದು ಚಮಚ ಕೊಬ್ಬರಿ ಎಣ್ಣೆಯನ್ನೂ ಕೊಕ್ಕಿನ ಪಕ್ಕದಿಂದ ತೊಟ್ಟುತೊಟ್ಟಾಗಿ ಬಿಟ್ಟರು. ಪ್ರತಿ ತೊಟ್ಟಿಗೂ ಅದು ನುಂಗುವವರೆಗೆ ಕಾದರು. ನಾಲಗೆಯ ಹಿಂದೆಯೇ ಶ್ವಾಸನಾಳದ ಬಾಯಿ ಇರುವುದರಿಂದ ಅವಸರ ಮಾಡಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅನಂತರ ಚೀಲವನ್ನು ಹೊರಗಿನಿಂದ ಮೆಲ್ಲನೆ ನೀವಿದರು. ತಲೆಕೆಳಗು ಮಾಡುವ ಯೋಚನೆಯನ್ನು ಯಾರೂ ಮಾಡಬಾರದೆಂದು ಎಚ್ಚರಿಸಿದರು. ಹಾಗೆ ಮಾಡಿದರೆ ಮೇಲೆ ಬಂದ ದ್ರವ ಉಸಿರಿನ ದಾರಿಗೆ ಹೊಕ್ಕು, ಬದುಕಬೇಕಾದ ಹಕ್ಕಿ ಕ್ಷಣದಲ್ಲಿ ಸಾಯುತ್ತದೆ. ಜ್ವರದ ಮಾತ್ರೆಗಳನ್ನು ತಂದವರಿಗೆ ಅವನ್ನು ಕೈಯಾರೆ ಹಿಂದಿರುಗಿಸಿ, "ಗಂಟು ಕಟ್ಟಿದ ಚೀಲಕ್ಕೂ ಮಾತ್ರೆಗೂ ಸಂಬಂಧವಿಲ್ಲ. ಬೇಡದ ಕಡೆ ಕೊಟ್ಟ ಔಷಧ ಬೇಕಾದ ಕಡೆ ಕೈಕೊಡುತ್ತದೆ" ಎಂದರು. ಇಂದು ಪ್ರತಿಜೈವಿಕಗಳಿಗೆ ಬಗ್ಗದ ರೋಗಾಣುಗಳ ವಿಚಾರವಾಗಿ ಜಗತ್ತೆಲ್ಲ ಚಿಂತಿಸುತ್ತಿರುವಾಗ ಆ ಮಾತು ಕೋಳಿಗೆ ಮಾತ್ರ ಹೇಳಿದ್ದಲ್ಲವೆಂದು ತೋರುತ್ತದೆ.

ಒಂದೂವರೆ ದಿನ ಹುಡುಗಿ ಶಾಲೆಯ ಹೊತ್ತನ್ನು ಬಿಟ್ಟು ಉಳಿದ ಹೊತ್ತೆಲ್ಲ ಕೆಂಚನ ಬಳಿಯೇ ಇದ್ದಳು. ಹೇಳಿದ ಹೊತ್ತಿಗೆ ನೀರು ಬಿಟ್ಟಳು, ನೀವಿದಳು. ಪ್ರತಿಸಲವೂ ಗಂಟಿನ ಗಾತ್ರವನ್ನೂ ಹಿಕ್ಕೆಯ ಬಣ್ಣವನ್ನೂ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಳು. ಗಂಟು ಕರಗಲಿಲ್ಲ. ಉಳಿದ ದಾರಿ ಶಸ್ತ್ರಚಿಕಿತ್ಸೆಯೊಂದೇ. ಬದುಕುವ ಭರವಸೆ ಎಷ್ಟು ಎಂದು ಕೇಳಿದ್ದಕ್ಕೆ ವೈದ್ಯರು ಸುಳ್ಳು ಸಮಾಧಾನ ಹೇಳಲಿಲ್ಲ. "ಬಹಳ ಬಳಲಿದೆ. ಮಾಡಿದರೆ ಉಳಿಯಬಹುದು, ಮಾಡದಿದ್ದರೆ ಖಂಡಿತ ಉಳಿಯುವುದಿಲ್ಲ" ಎಂದರು. ಅಜ್ಜಿ, "ಮಾಡಿ ಸ್ವಾಮಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಿಕಿತ್ಸಾಲಯದ ಮೇಜಿನ ಮೇಲೆ ಕೆಂಚನನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದರು. ಚೀಲದ ಮೇಲಿನ ಗರಿಗಳನ್ನು ಕಿತ್ತು, ಚರ್ಮವನ್ನು ಶುದ್ಧಮಾಡಿ, ನೋವು ತಿಳಿಯದಂತೆ ಅಳೆದು ಒಂದಿಷ್ಟು ಮದ್ದನ್ನು ಸೂಜಿಯಿಂದ ಕೊಟ್ಟರು. ಹಕ್ಕಿಯ ಪುಟ್ಟ ದೇಹಕ್ಕೆ ಈ ಮದ್ದು ಸ್ವಲ್ಪ ಹೆಚ್ಚಾದರೂ ವಿಷ. ಎರಡು ಬೆರಳಗಲ ಚರ್ಮವನ್ನು ಸೀಳಿ, ಅದರ ಕೆಳಗಿನ ಚೀಲವನ್ನೂ ಸೀಳಿದರು. ಚಿಮುಟದ ತುದಿಗೆ ಮೊದಲೊಂದು ಎಳೆ ಬಂತು. ಅದನ್ನು ಹಿಂಬಾಲಿಸಿ ಗೋಣಿನಾರು, ಒಣಹುಲ್ಲು, ಹುಳಿತ ಕಾಳು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡು ಹುರಿಯುಂಡೆಯಂತೆ ಹೊರಬಂದವು. ಕೋಣೆಯಲ್ಲಿ ದುರ್ವಾಸನೆ ತುಂಬಿತು. ಆದರೂ ಹುಡುಗಿ ಮೂಗು ಮುಚ್ಚಿಕೊಳ್ಳದೆ ಕೆಂಚನ ಕಾಲುಗಳನ್ನು ಹಿಡಿದೇ ನಿಂತಿದ್ದಳು. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಚೀಲವನ್ನು ತೊಳೆದು, ಮೊದಲು ಚೀಲಕ್ಕೂ ಆಮೇಲೆ ಚರ್ಮಕ್ಕೂ ಬೇರೆಬೇರೆಯಾಗಿ ಹೊಲಿಗೆ ಹಾಕಿದರು. ಎರಡನ್ನೂ ಕೂಡಿಸಿ ಹೊಲಿದರೆ ಒಂದಕ್ಕೊಂದು ಅಂಟಿ ಚೀಲ ಆಡುವುದಿಲ್ಲವಂತೆ. ಕೆಲಸವೆಲ್ಲ ಮುಗಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಅನಂತರದ್ದು ತಾಳ್ಮೆಯ ಕೆಲಸ. ಮೊದಲ ದಿನ ನೀರು ಮಾತ್ರ. ಆಮೇಲೆ ನಾಲ್ಕಾರು ದಿನ ತೆಳ್ಳನೆಯ ರಾಗಿಗಂಜಿ, ಒಂದು ಹೊತ್ತಿಗೆ ಎರಡು ಮೂರು ಚಮಚ. ಮೂರನೆಯ ದಿನ ಹಿಕ್ಕೆಯ ಹಸಿರು ಹೋಗಿ, ಕಂದುಬಣ್ಣದ ಮೇಲೆ ಬಿಳಿಯ ಟೊಪ್ಪಿಗೆಯಿಟ್ಟಂತೆ ಆರೋಗ್ಯದ ಗುರುತು ಕಂಡಿತು. ಐದನೆಯ ದಿನ ಜುಟ್ಟಿಗೆ ಬಣ್ಣ ಬಂತು. ಏಳನೆಯ ದಿನ ಬೆಳಗಿನ ಜಾವ ಮಂಕರಿಯೊಳಗಿನಿಂದ ಒಂದು ದನಿ ಕೇಳಿಸಿತು. ಒಡೆದ ಕೊಳಲಿನಂತೆ ಅರ್ಧಕ್ಕೇ ನಿಂತುಹೋದ ಕೂಗು. ಆದರೂ ಅದು ಕೂಗೇ. ಬೀದಿಯಲ್ಲಿ ಒಂದೆರಡು ಬಾಗಿಲುಗಳು ತೆರೆದ ಸದ್ದಾಯಿತು. ಹತ್ತನೆಯ ದಿನ ಚರ್ಮದ ಹೊಲಿಗೆಯನ್ನು ಬಿಚ್ಚಿದರು.

ಎರಡು ವಾರದ ಗಡುವು ಮುಗಿಯಿತು. ಹೇಂಟೆಗಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಆದರೆ ಆ ಒಂದು ರಾತ್ರಿಯ ಭಯವನ್ನು ಬೀದಿಯವರು ಮರೆಯಲಿಲ್ಲ. ವೈದ್ಯರು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ಕೊಕ್ಕರೆ ರೋಗದ ಲಸಿಕೆಯನ್ನು ತಂದಾಗ, ತಂಪು ಹೊತ್ತಿನಲ್ಲಿ ಮನೆಮನೆಯವರೂ ಕೋಳಿಗಳನ್ನು ಹಿಡಿದು ತಂದರು. ಎಳೆಯ ಮರಿಗಳಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟು ವಾರ ತುಂಬಿದವಕ್ಕೆ ರೆಕ್ಕೆಯಲ್ಲಿ ಚುಚ್ಚುಮದ್ದು. ಆರೋಗ್ಯವಾಗಿರುವ ಹಕ್ಕಿಗೆ ಮಾತ್ರ ಲಸಿಕೆ ಹಾಕಬೇಕೆಂದೂ, ಕೋಳಿಗಳು ಒಮ್ಮೆಗೇ ಗುಂಪುಗುಂಪಾಗಿ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಬೀದಿಗೋ ಕೆರೆಗೋ ಎಸೆಯದೆ, ತಕ್ಷಣ ಚಿಕಿತ್ಸಾಲಯಕ್ಕೆ ತಿಳಿಸಬೇಕೆಂದೂ ಅವರು ಎಲ್ಲರಿಗೂ ಹೇಳಿದರು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ನಮ್ಮ ದೇಶಕ್ಕೆ ಮೊದಲಬಾರಿಗೆ ಕಾಲಿಟ್ಟಾಗಿನಿಂದ ಈ ಎಚ್ಚರಿಕೆ ಮನುಷ್ಯರ ಪ್ರಾಣಕ್ಕೂ ಸಂಬಂಧಪಟ್ಟದ್ದಾಗಿದೆ.

ಹುಂಜದ ಕಾಯಿಲೆಯನ್ನು ಗಮನವಿಟ್ಟು ನೋಡಿದವರಿಗೆ ಅದು ಎಂದೂ ಬರಿಗೈಯಲ್ಲಿ ಕಳುಹಿಸಿಲ್ಲ. ಹಂಗೇರಿಯ ಜೋಸೆಫ್ ಮಾರೆಕ್ ಎಂಬ ಪಶುವೈದ್ಯ 1907ರಲ್ಲಿ ಕಾಲು ಬಿದ್ದುಹೋದ ನಾಲ್ಕು ಹುಂಜಗಳನ್ನು ಪರೀಕ್ಷಿಸಿ ಬರೆದ. ಅವನ ಹೆಸರಿನಿಂದಲೇ ಆ ರೋಗವನ್ನು ಇಂದಿಗೂ ಕರೆಯುತ್ತಾರೆ. ಫ್ರಾನ್ಸಿನ ಲೂಯಿ ಪಾಸ್ತರ್ ಕೋಳಿ ಕಾಲರಾದ ರೋಗಾಣುಗಳ ಹಳೆಯ ದ್ರವ ಚುಚ್ಚಿದ ಕೋಳಿಗಳು ಸಾಯದೆ ಉಳಿದುದನ್ನು ಗಮನಿಸಿ, ರೋಗಾಣುವಿನ ಬಲ ಕುಗ್ಗಿಸಿ ಲಸಿಕೆ ಮಾಡುವ ಮಾರ್ಗವನ್ನು 1880ರಲ್ಲಿ ಲೋಕಕ್ಕೆ ತಿಳಿಸಿದ. ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್‌ನ ಕಥೆ ಇನ್ನೂ ಸ್ವಾರಸ್ಯವಾದದ್ದು. ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದ ಅವನ ಕೋಳಿಗಳು ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ಬಳಿಕ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ, ಅವಕ್ಕೆ ಕೆಲಕಾಲ ಸೈನಿಕರ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿಯ ಅನ್ನವನ್ನು ಹಾಕಿದ್ದರೆಂದೂ, ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅನ್ನವನ್ನು ಕೋಳಿಗೆ ಕೊಡಲು ಒಪ್ಪದೆ ನಿಲ್ಲಿಸಿದನೆಂದೂ ತಿಳಿಯಿತು. ಅಕ್ಕಿಯ ತೌಡಿನಲ್ಲಿ ಪ್ರಾಣಾಧಾರವಾದುದೇನೋ ಇದೆಯೆಂಬ ಅರಿವಿಗೆ, ಮುಂದೆ ಜೀವಸತ್ತ್ವಗಳ ಶೋಧಕ್ಕೆ ಅದು ದಾರಿಯಾಯಿತು. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಈಚೆಗೆ ಏನು ಬದಲಾಯಿತು, ಕೋಳಿ ಏನು ತಿಂದಿತು ಎಂಬುದೇ ಅಲ್ಲಿಯೂ ಕೇಳಬೇಕಾಗಿದ್ದ ಪ್ರಶ್ನೆ. ತಿಪ್ಪೆಯ ಕಡೆಗೆ ಓಡಿದ ನಮ್ಮ ಹುಡುಗಿ ತಿಳಿಯದೆಯೇ ಆ ದೊಡ್ಡವರ ಹಾದಿಯಲ್ಲಿ ನಾಲ್ಕು ಹೆಜ್ಜೆ ನಡೆದಿದ್ದಳು.

ಕಾಯಿಲೆಗೆ ಹೆಸರಿಡುವುದು ಸುಲಭ. ಅದನ್ನು ಗುರುತಿಸುವುದು ಕಷ್ಟ. ಭಯಕ್ಕೆ ಹೆಸರು ಬೇಗ ಸಿಗುತ್ತದೆ, ಸತ್ಯಕ್ಕೆ ತಡವಾಗುತ್ತದೆ. ಮುಟ್ಟುವ ಮುನ್ನ ನೋಡುವುದು, ಒಂದು ಲಕ್ಷಣವನ್ನು ಕಂಡು ತೀರ್ಪು ಕೊಡದಿರುವುದು, ನಿಶ್ಚಯವಾಗುವವರೆಗೆ ತನ್ನಿಂದ ಇತರರಿಗೆ ಕೇಡು ತಗಲದಂತೆ ಕಾಯುವುದು, ಇವು ವೈದ್ಯಶಾಸ್ತ್ರದ ಪಾಠಗಳೆಂದು ಹೇಳಿದರೂ ಬಾಳಿನ ಪಾಠಗಳೇ ಆಗಿವೆ. ಮಾತು ಬಲ್ಲವರ ನೋವನ್ನು ಕೇಳಲು ಕಿವಿಯಿದ್ದರೆ ಸಾಕು. ಮಾತು ಬಾರದವುಗಳ ನೋವನ್ನು ತಿಳಿಯಲು ಕಣ್ಣೂ ಬೇಕು, ಕೈಯೂ ಬೇಕು, ಅವೆರಡನ್ನೂ ಆತುರಪಡದಂತೆ ಹಿಡಿದು ನಿಲ್ಲಿಸುವ ಮನಸ್ಸೂ ಬೇಕು. ಅಂತಹ ಮನಸ್ಸು ಪಡೆದವರ ಹಿತ್ತಲಿನಲ್ಲಿ ಬದುಕುವ ಹಕ್ಕಿಗಳು ಪುಣ್ಯ ಮಾಡಿದವು. ಅಂತಹವರ ನೆರೆಯಲ್ಲಿ ಬದುಕುವ ಮನುಷ್ಯರೂ ಅಷ್ಟೇ.